ನಿವೃತ್ತಿಯವರೆಗೆ ಕಾಯಬೇಡಿ

ಜಯನಗರದ ಮಾಧವನ್ ಪಾರ್ಕಿನಲ್ಲೋ ಜೆ.ಪಿ. ನಗರದ ಮಿನಿ ಫಾರೆಸ್ಟಿನಲ್ಲೋ ಬೆಳಗಿನ ಹೊತ್ತು ಸುತ್ತು ಹಾಕುವವರ ಮಾತಿಗೆ ಕಿವಿಗೊಟ್ಟರೆ ಒಂದು ಆಸೆ ಮತ್ತೆ ಮತ್ತೆ ಕೇಳಿಬರುತ್ತದೆ. "ರಿಟೈರ್ ಆದ್ಮೇಲೆ ಎಲ್ಲಾದ್ರೂ ನೀರಿರೋ ಕಡೆ ಹೋಗಿ ಇದ್ದುಬಿಡೋದು ಸಾರ್." ಎಲ್ಲಿ ಎಂದು ಕೇಳಿದರೆ ಒಬ್ಬರು ಎಚ್.ಡಿ. ಕೋಟೆಯ ಕಬಿನಿ ಹಿನ್ನೀರು ಎನ್ನುತ್ತಾರೆ, ಇನ್ನೊಬ್ಬರು ಲಕ್ಕವಳ್ಳಿಯ ಭದ್ರಾ, ಮತ್ತೊಬ್ಬರು ಗೊರೂರಿನ ಹೇಮಾವತಿ ಅಥವಾ ಸಾಗರದ ಶರಾವತಿ. ವಾರಾಂತ್ಯಕ್ಕೆ ಹೋಗಿ ಹೋಂಸ್ಟೇಯಲ್ಲಿ ಎರಡು ರಾತ್ರಿ ಇದ್ದು ಬಂದವರಲ್ಲಿ ಈ ಆಸೆ ಇನ್ನೂ ಬಲವಾಗಿರುತ್ತದೆ. ಇದನ್ನು ನಾನು ಹಗುರವಾಗಿ ಕಾಣುವುದಿಲ್ಲ. ದಕ್ಷಿಣ ಬೆಂಗಳೂರಿನಿಂದ ಒಂದಷ್ಟು ಕುಟುಂಬಗಳು ನಿಜವಾಗಿಯೂ ಹಿನ್ನೀರಿನ ಊರುಗಳಿಗೆ ಹೋಗಿ ನೆಲೆಸಬೇಕು ಎಂಬುದೇ ನನ್ನ ಅಭಿಪ್ರಾಯ. ಆದರೆ ಹೊರಡಬೇಕಾದವರು ಅರವತ್ತು ದಾಟಿದವರಲ್ಲ. ಮಗುವನ್ನು ಒಂದನೇ ತರಗತಿಗೆ ಸೇರಿಸಲು ಶಾಲೆಯಿಂದ ಶಾಲೆಗೆ ಅಲೆಯುತ್ತಿರುವ ಮೂವತ್ತೈದು, ನಲವತ್ತರ ವಯಸ್ಸಿನವರು. ಅವರಿಗೆ ಅಲ್ಲಿಗೆ ಹೋಗಲು ಗಟ್ಟಿ ಕಾರಣಗಳಿವೆ, ಊರಿಗೂ ಅವರು ಬೇಕಾಗಿದ್ದಾರೆ. ನಿವೃತ್ತರ ವಿಷಯದಲ್ಲಿ ಎರಡನ್ನೂ ಅಷ್ಟು ಧೈರ್ಯವಾಗಿ ಹೇಳಲಾರೆ.

ಶರಾವತಿಯನ್ನೇ ಹಿಡಿದು ಮಾತಾಡುತ್ತೇನೆ. ಗಿರಿನಗರ, ಕತ್ರಿಗುಪ್ಪೆ, ಬನಶಂಕರಿ ಮೂರನೇ ಹಂತದಲ್ಲಿ ಸಾಗರ, ಸಿದ್ದಾಪುರ, ಹೊಸನಗರ ಕಡೆಯ ಕುಟುಂಬಗಳು ಬೇಕಾದಷ್ಟಿವೆ, ಹಾಗಾಗಿ ಈ ಭಾಗಕ್ಕೆ ಆ ನೀರಿನ ಪರಿಚಯ ಹೆಚ್ಚು. ಪರಿಚಯಕ್ಕಿಂತ ಹಳೆಯದಾದ ಒಂದು ಸಂಬಂಧವೂ ಇದೆ. ಜಯನಗರಕ್ಕೆ ಶಂಕುಸ್ಥಾಪನೆಯಾದದ್ದು 1948ರಲ್ಲಿ. ಆಗ ಗವರ್ನರ್ ಜನರಲ್ ಆಗಿದ್ದ ರಾಜಾಜಿ ಬಂದು ನೆರವೇರಿಸಿದ ಆ ಕಾರ್ಯಕ್ರಮದ ಗುರುತಾಗಿ ಅಶೋಕ ಪಿಲ್ಲರ್ ಈಗಲೂ ನಿಂತಿದೆ. ಅದೇ 1948ರಲ್ಲಿ ಜೋಗದ ಬುಡದ ವಿದ್ಯುದಾಗಾರ ಶುರುವಾಯಿತು, ಅದಕ್ಕೆ ನೀರು ಕೂಡಿಡಲು ಶರಾವತಿಗೆ ಅಡ್ಡಲಾಗಿ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದ್ದರು. ಹದಿನಾರು ವರ್ಷದ ನಂತರ, 1964ರಲ್ಲಿ, ಕೆಳಗಡೆ ಲಿಂಗನಮಕ್ಕಿ ಎದ್ದಿತು. ಹಿರೇಭಾಸ್ಕರವೇ ಅದರ ನೀರಿನಲ್ಲಿ ಮುಳುಗಿತು. ಜೊತೆಗೆ ಮುಳುಗಿದ್ದು ಊರುಗಳು, ಗದ್ದೆಗಳು, ಅಡಿಕೆ ತೋಟಗಳು, ದೇವಸ್ಥಾನಗಳು. ಸಾವಿರಾರು ಕುಟುಂಬಗಳನ್ನು ಲಾರಿಗೆ ಹತ್ತಿಸಿ ಶಿವಮೊಗ್ಗ ಜಿಲ್ಲೆಯ ಕಾಡಂಚಿನಲ್ಲಿ ಇಳಿಸಲಾಯಿತು. ಶರಾವತಿ ವಿದ್ಯುದಾಗಾರದ ಹತ್ತು ಘಟಕಗಳ 1,035 ಮೆಗಾವಾಟ್ ರಾಜ್ಯಕ್ಕೆ ಹರಿದ ಆ ದಶಕಗಳಲ್ಲೇ ಜಯನಗರದ ಬ್ಲಾಕುಗಳು ತುಂಬಿದವು, ಬನಶಂಕರಿಯ ಹಂತಗಳು, ಜೆ.ಪಿ. ನಗರದ ಫೇಸುಗಳು ಒಂದರ ಹಿಂದೊಂದು ಎದ್ದವು. ಸಾಗರದಲ್ಲೇ ಬದುಕಿ 2025ರ ಜನವರಿಯಲ್ಲಿ ತೀರಿಕೊಂಡ ನಾ. ಡಿಸೋಜ ಅವರು ಮುಳುಗಡೆಯ ಜನರ ಕಥೆಯನ್ನು ಜೀವಮಾನವಿಡೀ ಬರೆದರು. ಅವರ 'ದ್ವೀಪ'ವನ್ನು ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದ ಮೇಲೆ ನಗರದವರಿಗೂ ಅದು ತಲುಪಿತು.

ಇದನ್ನು ಹೇಳುವುದಕ್ಕೆ ಕಾರಣವಿದೆ. ಹಿನ್ನೀರನ್ನು ನೋಡುವ ನಗರದವರ ಕಣ್ಣಿಗೆ ಅದು ಪ್ರಕೃತಿ. ಅಲ್ಲಿಯವರಿಗೆ ಅದು ಅಜ್ಜನ ಗದ್ದೆಯ ಮೇಲೆ ನಿಂತ ನೀರು. ಆ ನೀರು ನಿಂತದ್ದು ನಮ್ಮಂಥ ಬಡಾವಣೆಗಳ ದೀಪಕ್ಕಾಗಿ. ಮುಳುಗಡೆಯಾದ ಎಷ್ಟೋ ಕುಟುಂಬಗಳು ಆರು ದಶಕ ಕಳೆದರೂ ತಾವು ಉಳುತ್ತಿರುವ ನೆಲದ ಹಕ್ಕುಪತ್ರಕ್ಕಾಗಿ ತಾಲ್ಲೂಕು ಕಚೇರಿಗೂ ಅರಣ್ಯ ಇಲಾಖೆಗೂ ಅಲೆಯುತ್ತಲೇ ಇವೆ. 2019ರಲ್ಲಿ ಬೆಂಗಳೂರಿಗೆ ಕುಡಿಯುವ ನೀರನ್ನು ಲಿಂಗನಮಕ್ಕಿಯಿಂದಲೇ ತರುವ ಯೋಜನೆಯ ಮಾತು ಸರ್ಕಾರದ ಮಟ್ಟದಲ್ಲಿ ಬಂದಾಗ ಶಿವಮೊಗ್ಗ ಜಿಲ್ಲೆ ಬಂದ್ ಆಯಿತು. ನಾನೂರು ಕಿಲೋಮೀಟರ್ ಆಚೆಗೆ ನೀರು ಏರಿಸಿ ಒಯ್ಯುವ ಲೆಕ್ಕಾಚಾರಕ್ಕಿಂತ, ಬೆಳಕು ಕೊಟ್ಟಾಯಿತು, ಈಗ ನೀರೂ ಬೇಕೇ ಎಂಬ ನೋವು ಅಲ್ಲಿ ದೊಡ್ಡದಾಗಿತ್ತು. ಅಂಥ ಕಡೆಗೆ ಮನೆ ಮಾಡಿಕೊಂಡು ಹೋಗುವವರು ಈ ಲೆಕ್ಕವನ್ನು ತಿಳಿದೇ ಹೋಗಬೇಕು. ತಿಳಿದವರು ಅಲ್ಲಿ ಅತಿಥಿಯಾಗಿ ಉಳಿಯಲಾರರು.

ಸಾಮಾನ್ಯವಾಗಿ ಕೊಡುವ ಕಾರಣಗಳಲ್ಲಿ ಮೊದಲನೆಯದು ನೋಟ. ಮನೆಯ ಜಗುಲಿಯಲ್ಲಿ ಕೂತರೆ ಎದುರಿಗೆ ನೀರು ಎಂಬ ಚಿತ್ರ. ಲಿಂಗನಮಕ್ಕಿ ತುಂಬಿದರೆ 1,819 ಅಡಿ, 151 ಟಿಎಂಸಿ. ಮಳೆಗಾಲ ಚೆನ್ನಾಗಿ ಹಿಡಿದ ವರ್ಷ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಅದು ಸಮುದ್ರದ ಹಾಗೆ ಕಾಣುತ್ತದೆ, ನಿಜ. ಆದರೆ ಇದು ವಿದ್ಯುತ್ತಿಗಾಗಿ ಖಾಲಿ ಮಾಡಲೆಂದೇ ತುಂಬಿಸುವ ನೀರು. ಏಪ್ರಿಲ್, ಮೇ ತಿಂಗಳಲ್ಲಿ ಹೊನ್ನೇಮರಡಿನ ಕಡೆ ಹೋಗಿ ನೋಡಿ. ದಡ ಎಂದುಕೊಂಡದ್ದರಿಂದ ಎಷ್ಟೋ ದೂರ ನೀರು ಹಿಂದೆ ಸರಿದಿರುತ್ತದೆ. ಕೆಂಪು ದಿಬ್ಬಗಳು, ಬಿರುಕು ಬಿಟ್ಟ ಕೆಸರು, ಅರವತ್ತು ವರ್ಷ ನೀರಲ್ಲೇ ನಿಂತು ಕಪ್ಪಾದ ಮರದ ಬೊಡ್ಡೆಗಳು ಮೇಲೆದ್ದಿರುತ್ತವೆ. ನೀರು ತೀರಾ ಇಳಿದ ವರ್ಷ ಹಳೆಯ ಹಿರೇಭಾಸ್ಕರ ಅಣೆಕಟ್ಟೇ ಹೊರಗೆ ಕಾಣಿಸಿಕೊಂಡು ಅದನ್ನು ನೋಡಲು ಜನ ಹೋಗುತ್ತಾರೆ. ನೋಟಕ್ಕಾಗಿ ಮನೆ ಕಟ್ಟಿದವರು ವರ್ಷದಲ್ಲಿ ನಾಲ್ಕೈದು ತಿಂಗಳು ಇದನ್ನೇ ನೋಡಬೇಕು.

ಎರಡನೆಯ ಕಾರಣ ನೀರು. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ, ಟ್ಯಾಂಕರಿಗೆ ಕೇಳಿದಷ್ಟು ಕೊಟ್ಟ ಜೆ.ಪಿ. ನಗರದ, ಬಿಟಿಎಂ ಬಡಾವಣೆಯ ಅಪಾರ್ಟ್‌ಮೆಂಟಿನವರಿಗೆ ಕಣ್ಣೆದುರಿನ ಜಲರಾಶಿಗಿಂತ ದೊಡ್ಡ ಭರವಸೆ ಇನ್ನೊಂದಿಲ್ಲ ಅನಿಸುವುದು ಸಹಜ. ಆದರೆ ಹಿನ್ನೀರಿನ ಊರುಗಳು ಕುಡಿಯುವುದು ಹಿನ್ನೀರನ್ನಲ್ಲ. ಗುಡ್ಡದ ಮನೆಗಳು ನಂಬಿರುವುದು ಬಾವಿಯನ್ನು, ಮೇಲಿನ ಹಳ್ಳದಿಂದ ಪೈಪಿನಲ್ಲಿ ಇಳಿಸಿಕೊಂಡ ಅಬ್ಬಿ ನೀರನ್ನು. ಕಾಡು ತೆಳುವಾದ ಕಡೆ ಅಬ್ಬಿಯೂ ಬೇಸಿಗೆಗೆ ಸೊರಗುತ್ತದೆ. ನೀರಿನ ಪಕ್ಕದಲ್ಲಿದ್ದೂ ನೀರಿಗೆ ಪರದಾಡುವುದು ಅಲ್ಲಿಯವರಿಗೆ ಹೊಸದಲ್ಲ.

ಹಾಗೆ ನೋಡಿದರೆ ನಮ್ಮ ಭಾಗವೂ ಕೆರೆದಂಡೆಯೇ. ಯಡಿಯೂರು, ಮಡಿವಾಳ, ಸಾರಕ್ಕಿ, ಪುಟ್ಟೇನಹಳ್ಳಿ, ಎಲ್ಲವೂ ನಡೆದು ಹೋಗುವ ದೂರದವು. ಸಾರಕ್ಕಿ ಕೆರೆಯ ಒತ್ತುವರಿ ತೆರವಿಗೆ 2015ರಲ್ಲಿ ಜೆಸಿಬಿಗಳೇ ಬರಬೇಕಾಯಿತು. ಪುಟ್ಟೇನಹಳ್ಳಿಯನ್ನು ಸುತ್ತಲಿನ ನಿವಾಸಿಗಳು 2010ರಲ್ಲಿ ಟ್ರಸ್ಟ್ ಕಟ್ಟಿಕೊಂಡು ಉಳಿಸಿಕೊಂಡರು. ಅವರ ಬಗ್ಗೆ ನನಗೆ ತುಂಬ ಗೌರವವಿದೆ, ಅವರು ಎಲ್ಲಿಗೂ ಹೋಗಬೇಕಾಗಿಲ್ಲ. ನನ್ನ ಆತಂಕ ಇರುವುದು, ಮನೆಯ ಹಿಂದಿನ ಕೆರೆಗೆ ಕೊಳಚೆ ಹೋಗುವುದನ್ನು ಒಂದು ದಿನವೂ ಪ್ರಶ್ನಿಸದೆ ಶರಾವತಿಯ ದಡದಲ್ಲಿ ಜಾಗ ಹುಡುಕುವವರ ಬಗ್ಗೆ. ಅಲ್ಲಿ ಒಳಚರಂಡಿ ಇಲ್ಲ. ಪ್ರತಿ ಮನೆಯದೂ ಇಂಗುಗುಂಡಿ. ಎಂಟು ಕೋಣೆಯ ಹೋಂಸ್ಟೇ ಕಟ್ಟಿ ನಾಲ್ಕು ಜನರ ಮನೆಗೆ ಸಾಕಾಗುವಷ್ಟೇ ಗುಂಡಿ ತೋಡಿದರೆ ಉಳಿದದ್ದು ಮಳೆಗಾಲದಲ್ಲಿ ಎಲ್ಲಿಗೆ ಹೋಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಆರೋಗ್ಯ. ಗಾಳಿ ಶುದ್ಧ ಎನ್ನುವುದು ಸರಿ. ಆದರೆ ಅರವತ್ತೈದು ದಾಟಿದವರಿಗೆ ಗಾಳಿಗಿಂತ ಆಸ್ಪತ್ರೆ ಮುಖ್ಯ. ಜಯನಗರದಲ್ಲಿ ನಡುರಾತ್ರಿ ಎದೆ ಹಿಡಿದರೆ ಜಯದೇವ ಆಸ್ಪತ್ರೆ ಹತ್ತಿರದಲ್ಲೇ ಇದೆ, ಪಾರ್ಶ್ವವಾಯು ಹೊಡೆದರೆ ನಿಮ್ಹಾನ್ಸ್ ಇದೆ. ಶರಾವತಿ ಹಿನ್ನೀರಿನಾಚೆಯ ತುಮರಿಯಲ್ಲಿ ಇರುವುದು ಪ್ರಾಥಮಿಕ ಆರೋಗ್ಯ ಕೇಂದ್ರ. ಅಲ್ಲಿಂದ ಸಾಗರ, ಸಾಗರದಿಂದ ಶಿವಮೊಗ್ಗಕ್ಕೆ ಮತ್ತೆ ಸುಮಾರು 70 ಕಿಲೋಮೀಟರ್. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸೇತುವೆ ಉದ್ಘಾಟನೆಯಾಗುವವರೆಗೆ ತುಮರಿ ಸುತ್ತಲಿನ ಕರೂರು ಸೀಮೆಯವರಿಗೆ ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಸುತ್ತುಬಳಸಿನ ಕಾಡುದಾರಿಯೇ ಗತಿ. ಹೆರಿಗೆ ನೋವು ಬಂದವರನ್ನು, ಹಾವು ಕಚ್ಚಿದವರನ್ನು ಇಟ್ಟುಕೊಂಡು ಬೆಳಗಿನವರೆಗೆ ಕಾದ ಮನೆಗಳು ಅಲ್ಲಿವೆ. ಎರಡು ಕಿಲೋಮೀಟರಿಗೂ ಉದ್ದದ ಆ ಸೇತುವೆ ರಾತ್ರಿಯ ಭಯವನ್ನು ಬಹುಮಟ್ಟಿಗೆ ಕಳೆದಿದೆ, ಆದರೆ ಹೃದಯದ ಆಸ್ಪತ್ರೆಯನ್ನು ಹತ್ತಿರ ತಂದಿಲ್ಲ. ಜೊತೆಗೆ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ರೋಗ ಅದು, 2018ರ ಕೊನೆಯಿಂದ 2019ರವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಜೀವಗಳನ್ನು ತೆಗೆದುಕೊಂಡಿತು. ಉಣುಗು ಕಚ್ಚಿ ಹರಡುವ ಈ ರೋಗದ ಕಾಲ ಡಿಸೆಂಬರಿನಿಂದ ಮೇ. ಪ್ರವಾಸಿಗರು ತುಂಬಿ ಬರುವುದೂ ಹೆಚ್ಚುಕಡಿಮೆ ಅದೇ ತಿಂಗಳುಗಳಲ್ಲಿ. ಊರಿನವರು ಮಂಗ ಸತ್ತ ಸುದ್ದಿ ಬಂದರೆ ಆ ಕಡೆಯ ಕಾಡಿಗೆ ಸೌದೆ, ದರಗಿಗೆ ಹೋಗುವುದನ್ನು ನಿಲ್ಲಿಸುತ್ತಾರೆ. ಎರಡು ದಿನಕ್ಕೆ ಬಂದವರಿಗೆ ಆ ಸುದ್ದಿ ತಲುಪುವುದೇ ಇಲ್ಲ.

ಹೀಗೆ ನೋಟ, ನೀರು, ಗಾಳಿ ಮೂರೂ ಅರ್ಧಂಬರ್ಧ ಕಾರಣಗಳು. ಗಟ್ಟಿಯಾದವು ಬೇರೆ ಇವೆ.

ಮೊದಲು ಶಾಲೆ. ಮಲೆನಾಡಿನ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಕೊಠಡಿ, ಅಂಗಳ, ಬಿಸಿಯೂಟ, ಒಳ್ಳೆಯ ಮೇಷ್ಟ್ರು ಎಲ್ಲ ಇದ್ದು ಮಕ್ಕಳೇ ಕಡಿಮೆ. ದಾಖಲಾತಿ ಇಳಿದ ಹಾಗೆ ಶಿಕ್ಷಕರು 'ಹೆಚ್ಚುವರಿ' ಎಂದು ಲೆಕ್ಕಕ್ಕೆ ಬಂದು ಬೇರೆ ಶಾಲೆಗೆ ಹೋಗುತ್ತಾರೆ. ಒಬ್ಬರೇ ಮೇಷ್ಟ್ರು ಉಳಿದ ಶಾಲೆಗೆ ಇದ್ದ ಪೋಷಕರೂ ಮಕ್ಕಳನ್ನು ಕಳಿಸಲು ಹಿಂದೆಮುಂದೆ ನೋಡುತ್ತಾರೆ, ಸಾಗರದ ಕಾನ್ವೆಂಟಿನ ವ್ಯಾನು ಊರೊಳಗೆ ಬರಲು ಶುರುವಾಗುತ್ತದೆ. ಇಂಥ ಕಡೆ ಮೂರು ಮಕ್ಕಳು ಹೊಸದಾಗಿ ಬಂದರೂ ಒಬ್ಬ ಮೇಷ್ಟ್ರು ಉಳಿಯಬಹುದು. ಜಯನಗರದಲ್ಲಿ ಇನ್ನೂ ಮೂರು ಮಕ್ಕಳು ಹುಟ್ಟಿದರೆ ಯಾವ ಶಾಲೆಗೂ ಅದರಿಂದ ಆಗಬೇಕಾದ್ದಿಲ್ಲ. ಮಗುವಿಗೆ ಏನು ಸಿಗುತ್ತದೆ ಎಂದು ಕೇಳುವವರಿಗೆ ನನ್ನ ಉತ್ತರ ಇದು. ಕನ್ನಡದಲ್ಲಿ ಓದು, ನಡೆದು ಹೋಗುವ ದಾರಿ, ಎಲ್ಲ ಜಾತಿಯ ಎಲ್ಲ ಬಗೆಯ ಮನೆಗಳ ಮಕ್ಕಳೊಂದಿಗೆ ಊಟಕ್ಕೆ ಕೂರುವ ಪಂಕ್ತಿ. ಐದನೇ ತರಗತಿಯವರೆಗಾದರೂ ಇದು ದಕ್ಕಿದ ಮಗು ಮುಂದೆ ಬೆಂಗಳೂರಿಗೆ ಬಂದರೂ ಹಿಂದೆ ಬೀಳುತ್ತದೆ ಎಂದು ನಾನು ನಂಬುವುದಿಲ್ಲ. ಇಂಗ್ಲಿಷನ್ನು ತಂದೆತಾಯಿಯೇ ಮನೆಯಲ್ಲಿ ಕಲಿಸಬಲ್ಲ ಕುಟುಂಬಗಳು ಇವು. ಶನಿವಾರ ಮಧ್ಯಾಹ್ನ ಶಾಲೆಯ ಇತರ ಮಕ್ಕಳಿಗೂ ಕಲಿಸಬಲ್ಲವು.

ಎರಡನೆಯದು ಕೆಲಸ. ಕೋವಿಡ್ ಕಾಲದಲ್ಲಿ ಸಾವಿರಾರು ಸಾಫ್ಟ್‌ವೇರ್ ಹುಡುಗರು ಮಲೆನಾಡಿನ ಉಪ್ಪರಿಗೆಗಳಲ್ಲಿ, ಗುಡ್ಡದ ತುದಿಯಲ್ಲಿ, ಸಿಗ್ನಲ್ ಸಿಕ್ಕ ಮರದ ಬುಡದಲ್ಲಿ ಕೂತು ಕೆಲಸ ಮಾಡಿದರು. ಆಗಲೇ ಅಲ್ಲಿಯ ಜನ 'ನೋ ನೆಟ್‌ವರ್ಕ್, ನೋ ವೋಟಿಂಗ್' ಎಂದು ಅಭಿಯಾನ ನಡೆಸಿದ್ದು. ಕರೂರು ಸೀಮೆಯ ಬಹುಭಾಗ ಶರಾವತಿ ಕಣಿವೆಯ ಅಭಯಾರಣ್ಯಕ್ಕೆ ಹೊಂದಿಕೊಂಡಿದೆ. ಒಂದು ಟವರಿಗೆ, ಒಂದು ವಿದ್ಯುತ್ ತಂತಿಗೆ, ಒಂದು ರಸ್ತೆ ಅಗಲೀಕರಣಕ್ಕೆ ಅರಣ್ಯದ ಅನುಮತಿ ಬೇಕು, ಅದಕ್ಕೆ ವರ್ಷಗಟ್ಟಲೆ ಕಾಗದ ಓಡಾಡಬೇಕು. ಆ ಕಾಗದವನ್ನು ಹಿಂಬಾಲಿಸುವ ಪುರುಸೊತ್ತು ಊರಿನ ರೈತನಿಗಿಲ್ಲ. ಇ–ಮೇಲ್ ಬರೆದು, ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಬೆಂಗಳೂರಿನ ಅರಣ್ಯ ಭವನದ ಬಾಗಿಲು ತಟ್ಟುವ ಅಭ್ಯಾಸ ಇರುವವರು ಊರಿನಲ್ಲೇ ಮನೆ ಮಾಡಿಕೊಂಡಿದ್ದರೆ, ಅದು ಅವರದೇ ಅನ್ನದ ಪ್ರಶ್ನೆಯೂ ಆಗಿದ್ದರೆ, ಕೆಲಸ ಆಗುವ ರೀತಿ ಬೇರೆ. ಅರವತ್ತೈದರವರಿಗೆ ನೆಟ್‌ವರ್ಕ್ ಇಲ್ಲದ್ದು ಒಂದು ನೆಮ್ಮದಿ. ಮೂವತ್ತೈದರವರಿಗೆ ಅದು ಇಲ್ಲದಿದ್ದರೆ ಆಗದು, ಹಾಗಾಗಿ ಅವರು ಬಿಡುವುದಿಲ್ಲ.

ಮೂರನೆಯ ಕಾರಣ ಹೇಳಲು ಸ್ವಲ್ಪ ಹೊತ್ತು ಬೇಕು. ಹಿನ್ನೀರಿನ ಊರುಗಳಲ್ಲಿ ಈಗ ಹೆಚ್ಚು ಕಾಣುವುದು ವಯಸ್ಸಾದ ಗಂಡಹೆಂಡಿರು ಇಬ್ಬರೇ ಇರುವ ಮನೆಗಳು. ಮಳೆಗಾಲದಲ್ಲಿ ಅಡಿಕೆಗೆ ಕೊಳೆ ಬಾರದಂತೆ ಬೋರ್ಡೋ ಹೊಡೆಯಬೇಕು. ಮೈಲುತುತ್ತವನ್ನು ಒಂದು ಕಡೆ, ಸುಣ್ಣವನ್ನು ಒಂದು ಕಡೆ ಕರಗಿಸಿ, ಹದವಾಗಿ ಬೆರೆಸಿ, ಮಳೆ ಬಿಡುವು ಕೊಟ್ಟ ಗಂಟೆ ನೋಡಿಕೊಂಡು ಕೊನೆಗೌಡ ಮರ ಏರುತ್ತಾನೆ. ಒಂದು ಮರದಿಂದ ಇಳಿಯದೆ ಪಕ್ಕದ ಮರವನ್ನು ಬಾಗಿಸಿ ಹಿಡಿದು ಅದಕ್ಕೆ ದಾಟುತ್ತಾನೆ. ಕೆಳಗಿನಿಂದ ಪೈಪು ಹಿಡಿದವರು ಕೊರಳು ನೋಯುವಷ್ಟು ಮೇಲೆಯೇ ನೋಡುತ್ತಿರಬೇಕು. ಕಾಲಿಗೆ ಉಂಬಳ ಹತ್ತಿದ್ದನ್ನು ತೆಗೆಯಲೂ ಪುರುಸೊತ್ತಿರುವುದಿಲ್ಲ. ಈಗ ಕೊನೆಗೌಡರು ಸಿಗುವುದೇ ಕಷ್ಟ. ಸಿಕ್ಕವರಿಗೆ ಊರೆಲ್ಲ ಕಾಯುತ್ತದೆ. ನೆಲದ ಮೇಲೆ ನಿಂತೇ ಹೊಡೆಯುವ ಕಾರ್ಬನ್ ದೋಟಿ ಬಂದಿದೆ, ಆದರೆ ಎಪ್ಪತ್ತರವರು ಅದನ್ನು ದಿನವಿಡೀ ಎತ್ತಿ ಹಿಡಿಯಲಾರರು. ಅದರ ಮೇಲೆ ಎಲೆಚುಕ್ಕಿ ರೋಗ. ತೋಟಗಳು ಸೋಲುತ್ತಿರುವುದಕ್ಕೆ ಬೆಲೆ ಕಾರಣವಲ್ಲ, ಬೆಲೆ ಹಲವು ವರ್ಷಗಳಿಂದ ಚೆನ್ನಾಗಿಯೇ ಇದೆ. ಕೈಗಳಿಲ್ಲ. ನಗರದಿಂದ ಬಂದವರು ನಾಳೆಯೇ ಮರ ಹತ್ತುತ್ತಾರೆ ಎಂದು ನಾನು ಹೇಳುತ್ತಿಲ್ಲ. ದೋಟಿ ಹಿಡಿಯುವುದನ್ನು, ಜೀವಾಮೃತ ಕಲಸುವುದನ್ನು, ಡೇರಿಗೆ ಹಾಲು ಹಾಕುವುದನ್ನು, ಸೊಸೈಟಿಯ ಲೆಕ್ಕವನ್ನು ಕಲಿಯಲು ನಾಲ್ಕೈದು ವರ್ಷ ಬೇಕು. ಕಲಿತ ಮೇಲೆ ಉಪಯೋಗಕ್ಕೆ ಬರಲು ಇನ್ನೊಂದು ಇಪ್ಪತ್ತು ವರ್ಷ ಮೈಯಲ್ಲಿ ಶಕ್ತಿ ಬೇಕು. ನಿವೃತ್ತಿಯ ನಂತರ ಹೊರಟರೆ ಈ ಲೆಕ್ಕ ಕೂಡುವುದಿಲ್ಲ.

ಹೀಗೆ ಬಂದವರು ಏನು ಮಾಡಬಹುದು ಎನ್ನುವುದಕ್ಕೆ ಸಾಗರದ ಪಕ್ಕದಲ್ಲೇ ನಿದರ್ಶನವಿದೆ. ಹೆಗ್ಗೋಡಿನಲ್ಲಿ ನೀನಾಸಮ್ ಶುರುವಾದದ್ದು 1949ರಲ್ಲಿ, ಅಡಿಕೆ ಬೆಳೆಗಾರರ ಊರಿನಲ್ಲಿ. ಕೆ.ವಿ. ಸುಬ್ಬಣ್ಣ ಅಲ್ಲಿಯೇ ಇದ್ದು ಅದನ್ನು ಬೆಳೆಸಿದರು, 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಅವರನ್ನು ಹುಡುಕಿಕೊಂಡು ಆ ಹಳ್ಳಿಗೆ ಬಂತು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಓದಿದ ರಂಗನಿರ್ದೇಶಕ ಪ್ರಸನ್ನ ಅದೇ ಸೀಮೆಗೆ ಬಂದು ನಿಂತು, ಊರಿನ ಹೆಣ್ಣುಮಕ್ಕಳನ್ನು ಕೂಡಿಸಿ 'ಚರಕ' ಸಹಕಾರ ಸಂಘ ಕಟ್ಟಿದರು. ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಚೊಗರಿನಿಂದ ಬಟ್ಟೆಗೆ ಕೆಂಗಂದು ಬಣ್ಣ ಕಟ್ಟಿದರು. ಆ ಬಟ್ಟೆ 'ದೇಸಿ' ಅಂಗಡಿಗಳ ಮೂಲಕ ಬೆಂಗಳೂರಿಗೆ ಬಂತು, ದಕ್ಷಿಣ ಬೆಂಗಳೂರಿನ ಅನೇಕರ ಮೈಮೇಲೆ ಈಗಲೂ ಇದೆ. ಊರಿನಲ್ಲಿದ್ದ ವಸ್ತು, ಊರಿನ ಕೈಗಳು, ನಗರದ ಸಂಪರ್ಕ, ಮೂರೂ ಕೂಡಿದ್ದು ಒಬ್ಬರು ಅಲ್ಲಿ ಬಂದು ವರ್ಷಗಟ್ಟಲೆ ನಿಂತದ್ದರಿಂದ.

ಇದಕ್ಕೆ ವಿರುದ್ಧವಾದ ಒಂದು ಮಾತು ಊರಿನವರಿಂದಲೇ ಬರುತ್ತದೆ, ಅದನ್ನು ಬದಿಗೆ ಸರಿಸುವಂತಿಲ್ಲ. "ನೀವು ಬಂದ್ರೆ ಜಮೀನಿನ ಬೆಲೆ ಏರ್ತದೆ, ನಮ್ಮ ಹುಡುಗ್ರಿಗೆ ಹತ್ತು ಗುಂಟೆ ಸಿಗೂದಿಲ್ಲ." 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ರದ್ದಾದ ಮೇಲೆ ಕೃಷಿಕರಲ್ಲದವರು, ಆದಾಯ ಎಷ್ಟೇ ಇದ್ದರೂ, ಕೃಷಿ ಜಮೀನು ಕೊಳ್ಳಬಹುದು. ಸೇತುವೆಯಾದ ಮೇಲೆ ಸಿಗಂದೂರು ದೇವಸ್ಥಾನಕ್ಕೆ ಬರುವ ವಾಹನಗಳ ಸಾಲು ಉದ್ದವಾಗಿದೆ, ದಾರಿಬದಿಯ ನೆಲಕ್ಕೆ ಕೇಳುವವರು ಹೆಚ್ಚಾಗಿದ್ದಾರೆ. ತಂತಿಬೇಲಿ, ಕಬ್ಬಿಣದ ಗೇಟು, ಒಳಗೆ ವರ್ಷಕ್ಕೆ ಹತ್ತು ದಿನ ತೆರೆಯುವ ಬಂಗಲೆ ಎನ್ನುವ ಮಾದರಿ ಕಬಿನಿಯಲ್ಲಿ ಕಂಡದ್ದು ಇಲ್ಲಿಗೂ ಬರುತ್ತಿದೆ. ಬೀಗ ಹಾಕಿದ ಆ ಮನೆಯಿಂದ ಶಾಲೆಗೆ ಮಗು ಬರುವುದಿಲ್ಲ, ಡೇರಿಗೆ ಹಾಲು ಬರುವುದಿಲ್ಲ, ಗ್ರಾಮಸಭೆಯಲ್ಲಿ ಒಂದು ಕೈ ಏಳುವುದಿಲ್ಲ. ನೆಲ ಮಾತ್ರ ಕೈಬಿಟ್ಟು ಹೋಗುತ್ತದೆ. ಊರಿನವರ ಸಿಟ್ಟು ನ್ಯಾಯವಾದದ್ದು. ಹೋಂಸ್ಟೇಯಿಂದ ಅಡುಗೆ ಮಾಡುವ ಹೆಂಗಸರಿಗೆ, ತೆಪ್ಪ ನಡೆಸುವ ಹುಡುಗರಿಗೆ ನಾಲ್ಕು ಕಾಸು ಸಿಕ್ಕಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮಾಲೀಕ ಊರಿನವನೇ ಆಗಿದ್ದಾಗ ಆ ಹಣ ಊರಿನ ಕಿರಾಣಿ ಅಂಗಡಿಯಲ್ಲಿ ತಿರುಗುತ್ತದೆ. ಮಾಲೀಕ ಬೆಂಗಳೂರಿನಲ್ಲಿದ್ದರೆ ಊರಿಗೆ ಸಿಗುವುದು ಸಂಬಳ ಮತ್ತು ಕಸ.

ಹಾಗಾದರೆ ಹೋಗುವವರು ಎಲ್ಲಿರಬೇಕು? ಕೊಳ್ಳಲೇಬೇಡಿ ಎಂಬುದು ನನ್ನ ಸಲಹೆ, ಮೊದಲ ಕೆಲವು ವರ್ಷವಾದರೂ. ಅದಕ್ಕೆ ಕಾನೂನಿನ ಕಾರಣವೂ ಇದೆ. ಮುಳುಗಡೆ ಸೀಮೆಯಲ್ಲಿ ಪಹಣಿಯಲ್ಲಿ ಒಂದು, ಅರಣ್ಯದ ನಕ್ಷೆಯಲ್ಲಿ ಇನ್ನೊಂದು ಇರುವ ಸರ್ವೆ ನಂಬರುಗಳು ಬಹಳ. ಬಗರ್‌ಹುಕುಂ ಅರ್ಜಿ ಬಾಕಿ ಇರುವ ನೆಲ, ತೋಟಕ್ಕೆ ಹೊಂದಿದ ಸೊಪ್ಪಿನಬೆಟ್ಟ, ಪೋಡಿಯಾಗದ ಪಾಲು, ಇವನ್ನೆಲ್ಲ ಬರೀ ಅಗ್ರಿಮೆಂಟಿನ ಮೇಲೆ ಮಾರಲು ಬರುವವರಿದ್ದಾರೆ. ಹೊರಗಿನವರಿಗೆ ಮೋಸ, ಒಳಗಿನವರಿಗೆ ಇನ್ನೊಂದು ತಲೆಮಾರಿನ ವ್ಯಾಜ್ಯ. ಅದರ ಬದಲು ಇದ್ದ ಮನೆಗಳನ್ನೇ ನೋಡಿ. ಹಂಚಿನ ಮಾಡು, ಮಣ್ಣಿನ ಗೋಡೆ, ಅಂಗಳ, ಕೊಟ್ಟಿಗೆ ಎಲ್ಲ ಇರುವ, ಒಳಗೆ ಯಾರೂ ಇಲ್ಲದ ಮನೆಗಳು ಪ್ರತಿ ಊರಿನಲ್ಲಿವೆ. ಮಳೆಗಾಲಕ್ಕೆ ಮೊದಲು ಹಂಚು ಕೈಯಾಡಿಸುವವರಿಲ್ಲದೆ ಸೋರಿ, ಎರಡು ಮೂರು ವರ್ಷದಲ್ಲಿ ಪಕಾಸಿ ಕುಸಿಯುತ್ತದೆ. ಆ ಮನೆಗಳ ಯಜಮಾನರು ದೂರದಲ್ಲೇನೂ ಇಲ್ಲ. ಗಿರಿನಗರದಲ್ಲಿ, ಕತ್ರಿಗುಪ್ಪೆಯಲ್ಲಿ, ಬನಶಂಕರಿಯಲ್ಲಿ ನಿಮ್ಮ ಪಕ್ಕದ ರಸ್ತೆಯಲ್ಲೇ ಇದ್ದಾರೆ. ಮನೆ ಬೀಳುತ್ತಿದೆ ಎಂಬ ಸಂಕಟ ಅವರಿಗೂ ಇದೆ. ಬಾಡಿಗೆಯ ಬದಲು ದುರಸ್ತಿ, ತೋಟದ ಉಸ್ತುವಾರಿಯಲ್ಲಿ ಪಾಲು, ಹತ್ತಿರದಲ್ಲಿರುವ ಅವರ ದೊಡ್ಡಪ್ಪ, ಚಿಕ್ಕಮ್ಮಂದಿರಿಗೆ ಒಂದು ಆಸರೆ ಎಂಬ ಬಗೆಯ ಒಪ್ಪಂದಕ್ಕೆ ಸಂತೋಷದಿಂದ ಬರುವವರು ನನಗೇ ಗೊತ್ತಿದ್ದಾರೆ.

ಹೋಗುವುದಾದರೆ ಬೇಸಿಗೆ ರಜೆಯ ಹೊತ್ತಿಗೆ ಹೋಗಿ, ಚಳಿಗಾಲಕ್ಕೆ ಕಾಯಬೇಡಿ. ತಾಳಗುಪ್ಪದ ರಾತ್ರಿ ರೈಲು ಬೆಂಗಳೂರಿನ ಮೂಲಕವೇ ಹೋಗುತ್ತದೆ, ಸಾಗರದಲ್ಲಿ ಬೆಳಗ್ಗೆ ಇಳಿಸುತ್ತದೆ. ನೀರು ತೀರಾ ಇಳಿದದ್ದನ್ನು ನೋಡಿಯೇ ಮನೆ ಒಪ್ಪಿಕೊಳ್ಳಬೇಕು. ಹಂಚು ಸರಿಪಡಿಸುವವರು, ಸೌದೆ ಒಣಗಿಸಿ ಕೊಡುವವರು ಸಿಗುವುದು ಆಗಲೇ. ಮುಂಗಾರು ಹಿಡಿದ ಮೇಲೆ ದಿನಗಟ್ಟಲೆ ಕರೆಂಟ್ ಇರುವುದಿಲ್ಲ, ಇನ್ವರ್ಟರಿನ ವ್ಯವಸ್ಥೆಯೂ ಅಷ್ಟರೊಳಗೆ ಆಗಬೇಕು. ಸರ್ಕಾರಿ ಶಾಲೆಗಳು ಮೇ ಕೊನೆಗೆ ತೆರೆಯುತ್ತವೆ. ದಾಖಲಾತಿಗೆ ಮಗುವಿನ ಜನನ ಪತ್ರ, ಆಧಾರ್ ಕೇಳುತ್ತಾರೆ, ಒಂದನೇ ತರಗತಿ ದಾಟಿದ್ದರೆ ಹಳೆಯ ಶಾಲೆಯ ವರ್ಗಾವಣೆ ಪತ್ರವನ್ನೂ ತೆಗೆದುಕೊಂಡಿರಬೇಕು.